ಬಸವಂತ್ರಾಯನ ಮೋತಿಬಳ್ಳಿ

ಶಹಾಪುರದಲ್ಲಿ ಅಮರಪ್ಪನ ಮನೆಯ ಪಡಸಾಲೆಯೊಳಗೆ, ಮೂಡಣ ಕಿಟಕಿಯ ಸರಳಿಗೆ ಒಂದು ಸಣ್ಣ ಕುಂಡ ತೂಗುಹಾಕಿತ್ತು. ಕುಂಡದ ಅಂಚಿನಿಂದ ದಾರದಂಥ ಎಳೆಗಳು ಕೆಳಗಿಳಿದು, ಎಳೆಯುದ್ದಕ್ಕೂ ಹಸಿ ಬಟಾಣಿಯಂಥ ಗುಂಡನೆಯ ಎಲೆಗಳು ಪೋಣಿಸಿದ ಹಾಗೆ ಕೂತಿದ್ದವು. ಯಾದಗಿರಿಯ ನರ್ಸರಿಯವರು ಅದಕ್ಕೆ ಮೋತಿಬಳ್ಳಿ ಅನ್ನುತ್ತಿದ್ದರು. ಅದನ್ನು ತಂದವನು ಅಮರಪ್ಪನ ಅಳಿಯ ಬಸವಂತ್ರಾಯ. ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿ ಭಾಗಮ್ಮನಿಗೆ ಸೀರೆಯ ಜೊತೆ ಈ ಕುಂಡವನ್ನೂ ತಂದುಕೊಟ್ಟಿದ್ದ. ಇದು ಮನೆಯೊಳಗೇ ಹೂ ಬಿಡುತ್ತದೆ, ಹೂವು ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು, ಆದರೆ ವಾಸನೆ ದಾಲ್ಚಿನ್ನಿಯದು ಎಂದು ಹೇಳಿದ್ದ. ಭಾಗಮ್ಮ ನಂಬಿರಲಿಲ್ಲ. ನೀನೇ ನೋಡುವಿಯಂತೆ ಎಂದು ನಕ್ಕಿದ್ದ. ಮುಂದಿನ ಮಳೆಗಾಲದಲ್ಲಿ ಅವನು ಕಾಲುವೆಯಲ್ಲಿ ಸತ್ತ.

ಊರಿಗೆ ಗೊತ್ತಿದ್ದ ಸಂಗತಿ ಇಷ್ಟು. ಮುಂಗಾರಿನ ನೀರು ಬಿಡುವ ಮೊದಲು ಉಪಕಾಲುವೆಯ ಹೂಳು ತೆಗೆಸುವ ಕೆಲಸದಲ್ಲಿ ಬಸವಂತ್ರಾಯ ಆಳುಗಳ ಮೇಲ್ವಿಚಾರಕನಾಗಿದ್ದ. ನೀರು ಬಿಡುವ ದಿನ ಸಂಜೆ ಐದರ ಮೊದಲೇ ಆಳುಗಳನ್ನೆಲ್ಲ ಟ್ರ್ಯಾಕ್ಟರ್ ಹತ್ತಿಸಿ ಕಳಿಸಿ, ರಸ್ತೆಯ ಕೆಳಗೆ ಹಾಯುವ ಕೊಳವೆಯಲ್ಲಿ ಉಳಿದಿದ್ದ ಸಲಿಕೆ ಬುಟ್ಟಿಗಳನ್ನು ತರಲು ತಾನೊಬ್ಬನೇ ಇಳಿದಿದ್ದ. ಮರುದಿನ ಬೆಳಿಗ್ಗೆ ಎರಡು ಮೈಲಿ ಕೆಳಗೆ, ಕಸ ತಡೆಯುವ ಕಬ್ಬಿಣದ ಜಾಲರಿಗೆ ಅವನ ಹೆಣ ತಗುಲಿಕೊಂಡಿತ್ತು. ಗೇಟು ತೆರೆದದ್ದು ಗೊತ್ತುಮಾಡಿದ ಹೊತ್ತಿಗೇ, ಸಂಜೆ ಆರಕ್ಕೆ ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ಅಲ್ಲಿಂದ ನೀರು ಕೊಳವೆಯ ತನಕ ಬರಲು ಒಂದು ತಾಸು ಬೇಕು. ಹಾಗಾದರೆ ಏಳು ಗಂಟೆಯವರೆಗೆ ಅವನು ಒಳಗೆ ಏನು ಮಾಡುತ್ತಿದ್ದ? ಕುಡಿದು ಅಲ್ಲೇ ಬಿದ್ದುಕೊಂಡಿದ್ದಿರಬೇಕು ಎಂದು ಒಬ್ಬರಂದರು. ವಾರದೊಳಗೆ ಅದೇ ಮಾತು ಶಹಾಪುರದಿಂದ ಸುರಪುರದ ತನಕ ನಿಜವಾಗಿಹೋಯಿತು.

ರಿಜಿಸ್ಟರಿನಲ್ಲಿ ಆರು ಎಂದು ಬರೆದವನು ಅಮರಪ್ಪ. ಮೂವತ್ತೆರಡು ವರ್ಷ ಕಾಲುವೆಯ ಲಸ್ಕರನಾಗಿ ಗೇಟು ಏರಿಸಿ ಇಳಿಸಿದವನು. ಅಂದು ಅವನು ಗೇಟು ತೆರೆದದ್ದು ನಾಲ್ಕಕ್ಕೆ.

ಗೋಗಿ ಕಡೆಯ, ಕಾಲುವೆಯ ಕೊನೆಯಂಚಿನ ಹೊಲದವರು ನಾಲ್ಕೈದು ಮೋಟರ್‌ಸೈಕಲ್ಲಿನಲ್ಲಿ ಬಂದು ಮಧ್ಯಾಹ್ನದಿಂದ ಗೇಟಿನ ಹತ್ತಿರ ನಿಂತಿದ್ದರು. ಭತ್ತದ ಸಸಿಮಡಿಗಳು ಬಿರುಕು ಬಿಡುತ್ತಿವೆ, ಎರಡು ತಾಸು ಮೊದಲು ಬಿಟ್ಟರೆ ಮೇಲಿನವರು ಮೋಟರು ಹಚ್ಚುವುದರೊಳಗೆ ನಮಗಿಷ್ಟು ಮುಟ್ಟುತ್ತದೆ ಎಂದು ಕೈಮುಗಿದರು. ಹೂಳಿನ ಕೆಲಸ ಮಧ್ಯಾಹ್ನಕ್ಕೇ ಮುಗಿದಿರಬೇಕೆಂದು ಅಮರಪ್ಪ ತಾನೇ ಅಂದುಕೊಂಡ. ಒಂದು ಫೋನು ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಎರಡು ತಾಸಿನಲ್ಲಿ ಏನಾಗುತ್ತದೆ ಎಂದು ಗೇಟಿನ ಗಾಲಿ ತಿರುಗಿಸಿದ. ಹೊಲದವರು ಕಾಲುಮುಟ್ಟಲು ಬಗ್ಗಿದಾಗ ಅವನಿಗೆ ಹಿಗ್ಗೂ ಆಗಿತ್ತು. ಆಮೇಲೆ ಆ ಮಂದಿ ಬಾಯಿ ಬಿಡಲಿಲ್ಲ. ಅವನೂ ಬಿಡಲಿಲ್ಲ. ಮೂರು ತಿಂಗಳಿಗೆ ನಿವೃತ್ತನಾದ.

ಭಾಗಮ್ಮ ಸುರಪುರದ ಗಂಡನ ಮನೆಯಲ್ಲಿ ಕೆಲವು ತಿಂಗಳಿದ್ದು, ಓಣಿಯವರ ಮಾತು ತಡೆಯಲಾರದೆ ತಂದೆಯ ಮನೆಗೆ ಬಂದಳು. ತಾಯಿ ಮೊದಲೇ ಇರಲಿಲ್ಲ. ಶಹಾಪುರದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಸೇರಿಕೊಂಡಳು. ಗಂಡನ ಫೋಟೋವನ್ನು ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಳು. ಕುಂಡವನ್ನು ಮಾತ್ರ ಕಿಟಕಿಗೆ ಕಟ್ಟಿದಳು. ಊಟಕ್ಕೆ ಕೂತಾಗ ಒಮ್ಮೊಮ್ಮೆ ಗಂಡನನ್ನು ಬೈಯುತ್ತಿದ್ದಳು. ಹೊತ್ತಿನ ಖಬರಿಲ್ಲದವನು, ಹೆಂಡತಿಯ ನೆನಪಿಲ್ಲದವನು, ಇವನ ಗಿಡವೂ ಇವನಂಥದೇ, ಹೂ ಬಿಡುತ್ತದೆಂದು ಸುಳ್ಳು ಹೇಳಿದ ಎನ್ನುವಳು. ಅಮರಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ಹೀಗೆ ಎರಡು ವರ್ಷ ಕಳೆದವು. ಆ ವರ್ಷ ದೀಪಾವಳಿ ಮುಗಿದ ಮೇಲೆ ಕಾಲೇಜಿನ ಕೆಲಸಕ್ಕೆಂದು ಯಾದಗಿರಿಗೆ ಹೋದ ಭಾಗಮ್ಮ ಆ ನರ್ಸರಿಗೂ ಹೋಗಿಬಂದಳು. ನರ್ಸರಿಯ ಯೂನುಸ ಎಂಬವನಿಗೆ ಬಸವಂತ್ರಾಯನ ನೆನಪಿತ್ತಂತೆ. ಒಂದು ಗಿಡ ಕೊಳ್ಳಲು ಒಂದು ತಾಸು ಪ್ರಶ್ನೆ ಕೇಳಿದವನನ್ನು ಹೇಗೆ ಮರೆಯಲಿ ಅಂದನಂತೆ. ಹೂ ಬರಬೇಕಾದರೆ ಏನು ಮಾಡಬೇಕೆಂದು ಅವನು ಹೇಳಿದ್ದನ್ನೆಲ್ಲ ಅವಳು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಕುಂಡದ ತಲೆಯ ಮೇಲೆ ಬೆಳಕು ಬೀಳಬೇಕು, ಬರೇ ಜೋತ ಎಳೆಗೆ ಬಿದ್ದರೆ ಸಾಲದು. ಮುಂಜಾನೆಯ ಎಳೆಬಿಸಿಲು ಸಾಕು. ಚಳಿಗಾಲದ ಎರಡು ತಿಂಗಳು ಕಿಟಕಿ ತೆರೆದಿಟ್ಟು ಥಂಡಿ ತಾಗಿಸಬೇಕು, ಒಲೆಯ ಕಾವು ಹತ್ತಿರ ಬರಕೂಡದು. ಎಲ್ಲಕ್ಕಿಂತ ಮುಖ್ಯ ನೀರು. ಮಣ್ಣು ತಳದ ತನಕ ಒಣಗಿ, ಕಾಳಿನಂಥ ಎಲೆ ಒಂದಿಷ್ಟು ಬಾಡಿ ಮೆತ್ತಗಾದ ಮೇಲೆ ಒಮ್ಮೆ ಕೊಡಬೇಕು. ಚಳಿಯಲ್ಲಿ ಮೂರು ವಾರಕ್ಕೊಮ್ಮೆ ಕೊಟ್ಟರೆ ಹೆಚ್ಚು.

ಅವಳು ಕುಂಡವನ್ನು ಕಿಟಕಿಯ ಮೇಲ್ಸರಳಿಗೆ ಏರಿಸಿ ಕಟ್ಟಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ನೀರು ಹಾಕುವ ದಿನಕ್ಕೆ ಗುರುತು ಮಾಡಿದಳು. ತಂದೆಗೂ ಹೇಳಿದಳು:

"ಯಪ್ಪಾ, ಇದಕ್ಕ ನೀ ನೀರ ಹಾಕಬ್ಯಾಡ. ಒಣಗ್ಯಾದ ಅಂತ ಕಂಡ್ರೂ ಹಾಕಬ್ಯಾಡ. ಈ ಸಲ ಹೂ ಬರಲಿಲ್ಲಂದ್ರ ತಗದು ಒಗೀತೀನಿ. ಅವನ ಮಾತು ಖರೇನೋ ಸುಳ್ಳೋ ನೋಡೇ ಬಿಡ್ತೀನಿ."

ಅಮರಪ್ಪ ಹೂಂ ಅಂದ.

ಹತ್ತು ದಿನ ಹೇಗೋ ಹೋದವು. ಮಗಳು ಕಾಲೇಜಿಗೆ ಹೋದ ಮೇಲೆ ಪಡಸಾಲೆಯಲ್ಲಿ ಅವನು ಮತ್ತು ಆ ಕುಂಡ ಇಬ್ಬರೇ ಉಳಿಯುತ್ತಿದ್ದರು. ಕಾಳುಗಳು ತುಂಬಿದ್ದು ಸಡಿಲವಾದವು, ಆಮೇಲೆ ಅವುಗಳ ಮೈ ಸುಕ್ಕಾಯಿತು. ಅಳಿಯ ತಂದದ್ದರಲ್ಲಿ ಜೀವವಿದ್ದದ್ದು ಅದೊಂದೇ. ಅದೂ ತನ್ನ ಕಣ್ಣೆದುರು ಸಾಯುತ್ತಿದೆ ಅನ್ನಿಸಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ದಿನ ಅರ್ಧ ತಂಬಿಗೆ ನೀರು ಹಾಕಿದ. ಮರುದಿನ ಕಾಳು ತುಸು ತುಂಬಿಕೊಂಡ ಹಾಗೆ ಕಂಡವು. ಆಮೇಲೆ ದಿನವೂ ಹಾಕತೊಡಗಿದ. ಮಗಳು ಬರುವುದರೊಳಗೆ ಕೆಳಗೆ ಸೋರಿದ್ದನ್ನು ಬಟ್ಟೆಯಿಂದ ಒರೆಸುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಬಳ್ಳಿ ಕೆಟ್ಟಿತು. ಕಾಳುಗಳು ಗಾಜಿನಂತೆ ಪಾರದರ್ಶಕವಾದವು, ಮುಟ್ಟಿದರೆ ಬೆರಳಿಗೆ ಲೋಳೆಯಂಟುತ್ತಿತ್ತು. ಬುಡದಲ್ಲಿ ಎಳೆಗಳು ಕಪ್ಪಾಗಿ ಒಂದೊಂದೇ ಕಳಚಿ ಬಿದ್ದವು. ಭಾಗಮ್ಮ ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು. ಮಣ್ಣು ಕೆಸರಾಗಿತ್ತು. ಯಾರು ನೀರು ಹಾಕಿದರು ಎಂದು ತಂದೆಯನ್ನು ಕೇಳಿದಳು. ನನಗೇನು ಗೊತ್ತು ಅಂದ ಅಮರಪ್ಪ.

ಆ ಮನೆಯ ಕೀಲಿ ಇನ್ನೊಂದು ಇದ್ದದ್ದು ಪಕ್ಕದ ಮನೆಯ ಮುನ್ನಿಬೀಯ ಹತ್ತಿರ. ಬಟ್ಟೆ ಹೊಲಿದು ಬದುಕುವ ಹೆಂಗಸು. ಅಮರಪ್ಪ ಹೊರಗೆ ಹೋದಾಗ ಬಂದು ಹಾಲು ಕಾಯಿಸಿಟ್ಟು ಹೋಗುವಳು. ಭಾಗಮ್ಮ ಅವಳನ್ನು ಚಿಕ್ಕಂದಿನಿಂದ ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎಂದು ಕರೆಯುತ್ತಿದ್ದಳು. ಹಾಗೆ ಕರೆದ ಬಾಯಲ್ಲೇ ಅಂದು ಬಿರುಸು ಮಾತುಗಳು ಬಂದವು. ಹೇಳದೆ ಕೇಳದೆ ಮಂದಿಯ ಮನೆಯ ಗಿಡಕ್ಕೆ ಯಾಕೆ ಕೈ ಹಾಕಿದಿ, ನಿನಗೆ ಕೀಲಿ ಕೊಟ್ಟದ್ದು ಇದಕ್ಕೇನು ಎಂದಳು. ಮುನ್ನಿಬೀ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಅವಳ ಮುಖ ಸಣ್ಣದಾಯಿತು. "ನಾ ಮುಟ್ಟಿಲ್ಲ ಬೇಟಿ," ಅಂದಳು. ಒಮ್ಮೆ ಅಮರಪ್ಪನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು.

ಮೂರು ದಿನ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಲೇ ಇತ್ತು, ಮುನ್ನಿಬೀ ಮಾತ್ರ ಈ ಕಡೆ ಬರಲಿಲ್ಲ. ಅಮರಪ್ಪ ಆ ಸದ್ದು ಕೇಳುತ್ತ ಕೂತಿರುತ್ತಿದ್ದ. ತಾನು ಮಾಡಿದ್ದು, ಹೊರುತ್ತಿರುವವರು ಬೇರೆಯವರು. ಸತ್ತವನು ತಿರುಗಿ ಮಾತಾಡುವುದಿಲ್ಲ, ಅದಕ್ಕೇ ಎರಡು ವರ್ಷ ನಡೆಯಿತು. ಈ ಹೆಂಗಸು ಬದುಕಿದ್ದಾಳೆ, ಗೋಡೆಯಾಚೆ ಕೂತಿದ್ದಾಳೆ, ಅವಳೂ ಮಾತಾಡಲಿಲ್ಲ. ಒಮ್ಮೆ ನೋಡಿದಳು, ಅಷ್ಟೇ. ನೀರು ಹಾಕಿದವನು ಯಾರೆಂದು ಅವಳಿಗೆ ಗೊತ್ತಾಗಿದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಮಗಳು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವನು ಬಾಯಿ ತೆರೆದ.

"ಮುನ್ನಿಬೀ ಹಾಕಿಲ್ಲ. ನೀರ ನಾ ಹಾಕೀನಿ. ದಿನಾ ಅರ್ಧ ತಂಬಿಗಿ."

ಭಾಗಮ್ಮ ಅವನ ಮುಖ ನೋಡಿದಳು. "ಮತ್ತ ನಾ ಕೇಳಿದಾಗ ಯಾಕ ಇಲ್ಲಂದಿ?"

"ಅಂಜಿ."

"ಒಂದು ಗಿಡಕ್ಕ ನೀರ ಹಾಕಿದ್ದಕ್ಕ ಇಷ್ಟು ಅಂಜತಾರೇನ ಯಪ್ಪಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಸಿಟ್ಟು ಆಗಲೇ ಅರ್ಧ ಇಳಿದಿತ್ತು. ಅಮರಪ್ಪ ಎದ್ದು ನಿಂತ, ಕೂತು ಹೇಳುವ ಮಾತಲ್ಲವೆಂದು.

"ಗಿಡದ್ದಷ್ಟ ಅಲ್ಲವ್ವ. ಅವತ್ತು ಗೇಟ ನಾಲ್ಕಕ್ಕ ತೆರದೀನಿ. ಆರಂತ ಬರದೀನಿ. ಬಸವಂತ್ರಾಯ ಹೊತ್ತ ತಪ್ಪಿರಲಿಲ್ಲ. ಐದಕ್ಕ ನೀರ ಅವನ ಮ್ಯಾಲ ಬಂದಾದ."

ಅವಳು ಬಾಗಿಲಿಗೆ ಬೆನ್ನುಕೊಟ್ಟು ಹಾಗೇ ನೆಲಕ್ಕೆ ಕೂತಳು. ಅಮರಪ್ಪ ಗೋಗಿಯ ಹೊಲದವರು ಬಂದದ್ದು, ತಾನು ಫೋನು ಮಾಡದೆ ಬಿಟ್ಟದ್ದು, ಸುದ್ದಿ ಬಂದ ಮೇಲೆ ಪೆನ್ನು ಹಿಡಿದು ಆರು ಎಂದು ಬರೆದದ್ದು ಎಲ್ಲವನ್ನೂ ಒಂದೊಂದಾಗಿ ಹೇಳಿದ. ಅವಳು ಕೇಳಿದಳೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಅಂದಳು:

"ಕುಡದಿರಲಿಲ್ಲೇನು?"

"ಇಲ್ಲ. ಕುಡಿಯಾಕ ಹೊತ್ತರ ಎಲ್ಲಿತ್ತು."

"ಎರಡು ವರ್ಷ ಅವನ್ನ ಬೈದೀನಿ. ನೀ ಎದರೀಗೇ ಕುಂತು, ಉಣಕೋತ ಕೇಳೀದಿ."

ಅವಳು ಒಳಗೆ ಹೋಗಿ ಟ್ರಂಕು ತೆರೆದ ಸದ್ದಾಯಿತು.

ಬೆಳಿಗ್ಗೆ ಅವಳು ಮೊದಲು ಮುನ್ನಿಬೀಯ ಮನೆಗೆ ಹೋಗಿ, ತಪ್ಪಾಯಿತೆಂದು ಎಲ್ಲವನ್ನೂ ಹೇಳಿ ಬಂದಳು. ಆಮೇಲೆ ತಂದೆಗೆ ಅಂಗಿ ಹಾಕಿಕೋ ಅಂದಳು. ಇಬ್ಬರೂ ಸುರಪುರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವಳು ಬೇರೆ ಸೀಟಿನಲ್ಲಿ ಕೂತಿದ್ದಳು. ಕಾಲುವೆಯ ನೀರು ಕುಡಿದ ಹೊಲಗಳಲ್ಲಿ ಹೆಂಗಸರು ಬಾಗಿ ಎರಡನೇ ಬೆಳೆಯ ಭತ್ತ ನೆಡುತ್ತಿದ್ದರು. ಆ ಹಸಿರನ್ನು ಅಮರಪ್ಪ ಮೊದಲೆಲ್ಲ ತನ್ನ ಕೈಯ ಕೆಲಸವೆಂದು ನೋಡುತ್ತಿದ್ದ. ಅಂದು ನೋಡಲಾಗಲಿಲ್ಲ.

ಬಸವಂತ್ರಾಯನ ತಾಯಿ ದೇವಕಮ್ಮ ಸುರಪುರದ ಗುಡ್ಡದ ಬುಡದ ಓಣಿಯಲ್ಲಿ, ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಜೀವನ ಮಾಡುತ್ತಿದ್ದಳು. ಸೊಸೆ ಬಂದದ್ದು ಕಂಡು ಹಿಟ್ಟಿನ ಕೈಯಲ್ಲೇ ಎದ್ದಳು. ಅಮರಪ್ಪ ನೀರೂ ಮುಟ್ಟದೆ, ನಿಂತುಕೊಂಡೇ, ಹಿಂದಿನ ಸಂಜೆ ಹೇಳಿದ್ದನ್ನೆಲ್ಲ ಹೇಳಿದ. ಹೇಳಿ ಮುಗಿಸಿ, ಅವಳು ಅಳುತ್ತಾಳೆ ಇಲ್ಲವೆ ಬೈಯುತ್ತಾಳೆ ಎಂದು ಕಾದ. ಎರಡೂ ಆಗಲಿಲ್ಲ. ದೇವಕಮ್ಮ ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ಬಿಡಿಸಿಕೊಂಡಳು.

"ನನಗ್ಯಾಕ ಹೇಳ್ತೀರಿ ಬೀಗರ? ನನ್ನ ಮಗ ಎಂಥವ ಅಂತ ನನಗ ಗೊತ್ತಿತ್ತು," ಅಂದಳು. "ಹೊರಗ ಬರ್ರಿ. ಓಣಿಯಾಗ ನಿಂತು ಹೇಳ್ರಿ."

ಅವಳು ಮುಂದೆ ನಡೆದಳು. ನಳದ ಹತ್ತಿರ ಕೊಡ ತುಂಬಿಸುತ್ತಿದ್ದವರನ್ನು ಕರೆದಳು, ಕಟ್ಟೆಯ ಮೇಲೆ ಕೂತ ಮುದುಕರನ್ನು ಕರೆದಳು, ಕಿರಾಣಿ ಅಂಗಡಿಯವನನ್ನು ಕರೆದಳು. ಹತ್ತಿಪ್ಪತ್ತು ಮಂದಿ ಸೇರಿದ ಮೇಲೆ ಅಮರಪ್ಪ ಅವರ ನಡುವೆ ನಿಂತು ಹೇಳಿದ. ದನಿ ಕೇಳಿಸಲಿಲ್ಲ ಎಂದು ಹಿಂದಿನವರು ಯಾರೋ ಅಂದರು. ಇನ್ನೊಮ್ಮೆ ಹೇಳ್ರಿ ಎಂದಳು ದೇವಕಮ್ಮ. ಇನ್ನೊಮ್ಮೆ ಹೇಳಿದ. ಅಂಗಡಿಯವನು ತಲೆ ತಗ್ಗಿಸಿದ. ಕುಡುಕ ಎಂಬ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡಿದವನು ಅವನಂತೆ. ಮಂದಿ ಚದುರಿದ ಮೇಲೆ ದೇವಕಮ್ಮ ಸೊಸೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಲಿಲ್ಲ, ಆದರೆ ಅಮರಪ್ಪನನ್ನು ಕರೆಯಲೂ ಇಲ್ಲ. ಅವನು ಒಬ್ಬನೇ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಭಾಗಮ್ಮ ಶಹಾಪುರಕ್ಕೆ ತಿರುಗಿ ಬರಲಿಲ್ಲ. ಅತ್ತೆಯ ಹತ್ತಿರವೇ ಉಳಿದು, ಸುರಪುರದಲ್ಲೇ ಕೆಲಸ ನೋಡಿಕೊಂಡಳು. ಅವಳ ಬಟ್ಟೆಯ ಟ್ರಂಕನ್ನು ಟೆಂಪೋದಲ್ಲಿ ಹಾಕಿ ಕಳಿಸಿಕೊಟ್ಟವಳು ಮುನ್ನಿಬೀ. ಕೊಳೆತ ಕುಂಡ ಕಿಟಕಿಯಲ್ಲೇ ಉಳಿಯಿತು.

ಅಮರಪ್ಪ ಮುನ್ನಿಬೀಯ ಬಾಗಿಲಿಗೆ ಹೋಗಿ ತಪ್ಪಾಯಿತು ಅಂದ. ಅವಳು ಯಂತ್ರದ ಮೇಲಿಂದ ತಲೆಯೆತ್ತಲಿಲ್ಲ. ಎರಡು ದಿನ ಬಿಟ್ಟು ತಾನೇ ಬಂದು ಹೊಸ್ತಿಲಾಚೆ ನಿಂತು, ಅಣ್ಣಾ, ಕಾಲುವೆ ಆಫೀಸಿಗೆ ಬರೆದುಕೊಡದೆ ನಿನಗೆ ನಿದ್ದೆ ಬರುವುದಿಲ್ಲ ಅಂದಳು. ಅವನು ಬರೆದುಕೊಟ್ಟ. ಪೊಲೀಸ್ ಠಾಣೆಯಲ್ಲೂ ಹೇಳಿಕೆ ಕೊಟ್ಟ. ವಿಚಾರಣೆ ಶುರುವಾಯಿತು, ಪಿಂಚಣಿ ನಿಂತಿತು. ಗೋಗಿ ಕಡೆಯವರಿಬ್ಬರು ಬಂದು ನಮ್ಮ ಹೆಸರು ಹೇಳಬೇಡ ಎಂದು ಕೇಳಿಕೊಂಡು ಹೋದರು. ಅವನು ಕಾಲುವೆಯ ಕೆಳಗಿನ ಒಂದು ತೋಟದಲ್ಲಿ ಕಾವಲಿಗೆ ಸೇರಿದ.

ಕುಂಡವನ್ನು ಎತ್ತಿಕೊಂಡು ಯಾದಗಿರಿಗೆ ಹೋದದ್ದು ಆ ದಿನಗಳಲ್ಲೇ. ಯೂನುಸ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದ. ಗಟ್ಟಿಯಾಗಿ ಉಳಿದದ್ದು ಮೂರು ಎಳೆ. ಅಂಗೈ ಅಗಲದ ಹೊಸ ಮಣ್ಣಿನ ಕುಂಡಕ್ಕೆ ಅರ್ಧ ಉಸುಕು, ಅರ್ಧ ಮಣ್ಣು ತುಂಬಿ, ಎಳೆಗಳನ್ನು ಸಿಂಬೆಯಂತೆ ಸುತ್ತಿ ಮೇಲೆ ಮಲಗಿಸಿದ. ಬೇರು ತಾನೇ ಬಿಡುತ್ತದೆ ಅಂದ. ಅಮರಪ್ಪ ಎಲ್ಲವನ್ನೂ ಎರಡೆರಡು ಸಲ ಕೇಳಿದ. ಯೂನುಸ ಬೇಸರಪಡಲಿಲ್ಲ.

"ಕಾಕಾ, ಇದು ಉಪವಾಸದಿಂದ ಸಾಯಂಗಿಲ್ಲ. ನೀವು ಮರುಗಿ ಮರುಗಿ ಹಾಕಿದ್ರ ಸಾಯ್ತದ," ಅಂದ.

ಆ ಬೇಸಿಗೆ ಶಹಾಪುರದ ಗೋಡೆಗಳು ಸಂಜೆಯ ತನಕ ಕಾದಿರುತ್ತಿದ್ದವು. ಅಮರಪ್ಪ ಕಿಟಕಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸಿದ. ಕಾಳು ಸುಕ್ಕಾಗುವ ತನಕ ಕೈ ಕಟ್ಟಿ ಕೂತ. ಕೈ ತಂಬಿಗೆಗೆ ಹೋದಾಗಲೆಲ್ಲ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಮಳೆಗಾಲದಲ್ಲಿ ಎಳೆಗಳು ಕುಂಡದ ಅಂಚು ದಾಟಿದವು. ಕಾರ್ತಿಕದಲ್ಲಿ ಚಳಿ ಬಿದ್ದಾಗ ಕಿಟಕಿ ತೆರೆದಿಟ್ಟು, ತಾನು ಕಂಬಳಿ ಹೊದ್ದು ಅದರ ಕೆಳಗೇ ಮಲಗಿದ. ನೆಗಡಿಯಾಯಿತು, ಕೆಮ್ಮು ಹತ್ತಿತು. ಕಿಟಕಿ ಮುಚ್ಚು ಎಂದು ಮುನ್ನಿಬೀ ಗದರಿದಳು. ಮುಚ್ಚಲಿಲ್ಲ. ಈ ಹೂ ಬಂದರೆ ತನ್ನ ಪಾಪ ಕಳೆಯುತ್ತದೆ ಎಂದು ಅವನು ತಿಳಿದಿರಲಿಲ್ಲ. ಅಷ್ಟು ತಿಳಿಗೇಡಿಯಲ್ಲ. ಸತ್ತವನು ಹೇಳಿದ ಒಂದು ಮಾತು ಸುಳ್ಳಾಗಿ ಉಳಿಯಬಾರದು, ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

ಶಿವರಾತ್ರಿಯ ಹಿಂದಿನ ವಾರ ಒಂದು ಎಳೆಯ ಗಿಣ್ಣಿನಲ್ಲಿ ಸಣ್ಣ ದೇಟು ಮೂಡಿ, ತುದಿಗೆ ಹಸಿರು ಮೊಗ್ಗು ಕೂತಿತು. ಹತ್ತು ದಿನಕ್ಕೆ ಅರಳಿತು. ದಳವೆಂಬುದಿಲ್ಲ, ಬಿಳಿ ಕುಚ್ಚಿನಂಥದು, ನಡುವೆ ಕಂದು ಬಣ್ಣದ ಸಣ್ಣ ಕಡ್ಡಿಗಳು. ಅದರ ಹಿಂದೆ ಇನ್ನೂ ನಾಲ್ಕು. ಅಮರಪ್ಪ ಸ್ಟೂಲು ಹತ್ತಿ ಮೂಗು ಹತ್ತಿರ ಒಯ್ದ. ಮೊದಲು ಏನೂ ತಿಳಿಯಲಿಲ್ಲ. ಬಿಸಿಲು ಬಿದ್ದ ಮೇಲೆ ಮತ್ತೆ ನೋಡಿದ. ದಾಲ್ಚಿನ್ನಿಯೇ. ಅವನು ಸ್ಟೂಲಿನಿಂದ ಇಳಿದು ಮೋರೆ ಮುಚ್ಚಿಕೊಂಡು ಕೂತ.

ಮುನ್ನಿಬೀ ಫೋನಿನಲ್ಲಿ ಫೋಟೋ ತೆಗೆದು ಭಾಗಮ್ಮನಿಗೆ ಕಳಿಸಿದಳು. ಅವಳು ನೋಡಿದಳೆಂದು ಫೋನು ತೋರಿಸಿತು, ಉತ್ತರ ಬರಲಿಲ್ಲ. ಭಾನುವಾರ ತಾನೇ ಬಂದಳು. ಒಂದು ವರ್ಷದಲ್ಲಿ ಬಡವಾಗಿದ್ದಳು. ತಂದೆಯ ಜೊತೆ ಮಾತಾಡದೆ ನೇರ ಕಿಟಕಿಗೆ ಹೋಗಿ, ಎಳೆಗಳನ್ನು ಅಂಗೈಯಲ್ಲಿ ಎತ್ತಿ ಹಿಡಿದು ಮೂಸಿ ನೋಡಿದಳು. ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು.

"ಅವ ಸುಳ್ಳ ಹೇಳಿದ್ದಿಲ್ಲ," ಅಂದಳು.

"ಇಲ್ಲವ್ವ."

ಒಯ್ಯುತ್ತಿ ಏನು ಎಂದು ಅವನು ಕೇಳಿದ. ಬಸ್ಸಿನ ನೂಕಾಟದಲ್ಲಿ ಹೂ ಉದುರುತ್ತವೆ, ಹೂ ಮುಗಿಯಲಿ ಅಂದಳು. ಹೂವಿಲ್ಲದ ಒಂದು ಎಳೆಯನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿಕೊಂಡಳು. ಮುನ್ನಿಬೀ ಚಹಾ ತಂದಳು, ಕುಡಿದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಮುಂದಿನ ಮಂಗಳವಾರ ಯಾದಗಿರಿಯಲ್ಲಿ ವಿಚಾರಣೆಗೆ ತನ್ನನ್ನೂ ಕರೆದಿದ್ದಾರೆ ಎಂದಳು.

"ನೀ ನನಗ ಹೇಳಿದ್ದೆಲ್ಲಾ ಹೇಳ್ತೀನಿ. ಉಣಕೋತ ಕೇಳಿದ್ದೂ ಹೇಳ್ತೀನಿ."

"ಹೇಳು," ಅಂದ ಅಮರಪ್ಪ. "ಏನೂ ಬಿಡಬ್ಯಾಡ."

ಮಂಗಳವಾರ ಅವನು ಹೋದಾಗ ಅವಳು ಆಗಲೇ ಬಂದು ಆಫೀಸಿನ ಹೊರಗಿನ ಬೆಂಚಿನ ಆ ತುದಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ದೇವಕಮ್ಮ. ಅವನು ಈ ತುದಿಯಲ್ಲಿ ಕೂತ. ಮೊದಲು ಅವನನ್ನು ಕರೆದರು. ಗೇಟು ಬೇಗ ತೆರೆಯಲು ಹೇಳಿದವರು ಯಾರು ಎಂದು ಅಧಿಕಾರಿ ಮೂರು ಸಲ ಕೇಳಿದರು. ನೀರು ಕೇಳಿದವರು ಇದ್ದರು, ಆದರೆ ಗಾಲಿ ತಿರುಗಿಸಿದ ಕೈ ನನ್ನದು, ಆರು ಎಂದು ಬರೆದ ಕೈಯೂ ನನ್ನದು ಎಂದ. ಸಹಿ ಹಾಕಿಸಿಕೊಂಡು ಹೊರಗೆ ಕಳಿಸಿದರು. ಆಮೇಲೆ ಭಾಗಮ್ಮನ ಹೆಸರು ಕೂಗಿದರು. ಅವಳು ಅವನ ಮುಂದಿನಿಂದಲೇ ಹಾದು ಒಳಗೆ ಹೋದಳು, ಜವಾನ ಬಾಗಿಲು ಎಳೆದುಕೊಂಡ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅದು ನಡುಗದೆ, ನಿಲ್ಲದೆ, ಬಹಳ ಹೊತ್ತು ನಡೆಯಿತು. ಅಮರಪ್ಪ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೊನೆಯ ತನಕ ಕೇಳುತ್ತ ಕೂತ.